ಕಣ್ಣು ಕಟ್ಟಿದ ಪಾಠ

ಅವ್ವಾ,

ನಿನಗೆ ಕಣ್ಣಿರಲಿಲ್ಲ. ನೀನಿದ್ದಾಗ ಬರೆದಿದ್ದರೂ ಇದನ್ನು ಬೇರೆಯವರೇ ಓದಿ ಹೇಳಬೇಕಿತ್ತು. ಈಗ ನೀನೂ ಇಲ್ಲ.

ಇವತ್ತು ಕೊಪ್ಪಳದ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ, ಕುರುಡರ ಕಷ್ಟ ತಿಳಿಯಲೆಂದು ನಮ್ಮ ಕಣ್ಣಿಗೆ ಬ್ಯಾಂಡೇಜ್ ಕಟ್ಟಿ ವರಾಂಡದಲ್ಲಿ ನಡೆಸಿದರು. ಗೆಳತಿ ಸುರೇಖಾ ಕುರ್ಚಿಗೆ ಎಡವಿ ಬಿದ್ದು ಅತ್ತಳು. ಬ್ಯಾಂಡೇಜ್ ಬಿಚ್ಚಿದ ಮೇಲೆ, "ಹಿಂಗ ಬದುಕೋದಕ್ಕಿಂತ ಸಾಯೋದ ಛಲೋರಿ ಮೇಡಂ" ಅಂದಳು. ಮೇಡಂ ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ನನ್ನ ಸರದಿ. ಕಣ್ಣು ಕಟ್ಟಿದ ಕೂಡಲೇ ನನ್ನ ಕೈ ತಾನಾಗಿ ತಿರುಗಿ, ಬೆರಳುಗಳ ಹಿಂಭಾಗ ಗೋಡೆ ಸವರತೊಡಗಿತು. ಹನುಮಸಾಗರದ ಮನೆಯಲ್ಲಿ ನಿನ್ನ ಸೆರಗು ಹಿಡಿದು ಓಡಾಡುತ್ತಾ ಕಲಿತದ್ದು. ಬಾಗಿಲು ಬಂದಲ್ಲಿ ಗಾಳಿಯಿಂದಲೇ ತಿಳಿದು, ಎಲ್ಲೂ ಎಡವದೆ ಕೊನೆ ಮುಟ್ಟಿದೆ.

"ಕಳ್ಳಿ, ಸಂದ್ಯಾಗ ನೋಡಾಕತ್ತಿದ್ದಿ" ಎಂದು ಮೇಡಂ ಬ್ಯಾಂಡೇಜ್ ಬಿಗಿದು ಮತ್ತೆ ನಡೆಸಿದರು. ಅವರಿಗೆ ಎಡವಿ ಬೀಳುವವಳು ಬೇಕಿತ್ತು. ನಾನು ಬೀಳಲಿಲ್ಲ.

"ಹಿಂಗ ನಡಿಯೋದು ಯಾರ್ ಕಲಿಸಿದ್ರವಾ ನಿನಗ?" ಎಂದು ಮೇಡಂ ಕೇಳಿದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆಂದು ಕಟ್ಟಿದ ಕಣ್ಣಿಗೂ ಗೊತ್ತಾಯಿತು. ಸುರೇಖಾಳ ಮಾತು ಕಿವಿಯಲ್ಲೇ ಇತ್ತು, ಆ ಚಪ್ಪಾಳೆಯೂ.

"ಯಾರೂ ಇಲ್ರಿ" ಅಂದೆ.