ಡಬ್ಬಿಯಲ್ಲಿ ಉಳಿದ ಎರಡು ನಟ್ಟು

ಮಂಗಳವಾರ, ರಾತ್ರಿ ಎರಡೂವರೆ. ಗಡಗಡ ಸದ್ದಿಗೆ ಎಚ್ಚರವಾಯಿತು. ಮಗಳು ತೊಟ್ಟಿಲಲ್ಲಿ ಎದ್ದು ಕೂತು ಹಾಲಿನ ಪುಡಿಯ ಹಳೇ ಡಬ್ಬಿ ಅಲ್ಲಾಡಿಸುತ್ತಿದ್ದಳು. ಕಸಿದು ಮುಚ್ಚಳ ತೆಗೆದರೆ ಒಳಗೆ ಕಾರಿನ ಚಕ್ರದ ಎರಡು ನಟ್ಟು!

ಮಧ್ಯಾಹ್ನವೆಲ್ಲ ಇವರು ಅಂಗಳದಲ್ಲಿ ಮುಂದಿನ ಚಕ್ರ ಬಿಚ್ಚಿಕೊಂಡು ಬ್ರೇಕ್ ಸರಿ ಮಾಡುತ್ತಿದ್ದರು. ಗ್ಯಾರೇಜಿಗೆ ಕೊಡಿ ಎಂದು ಬಡಕೊಂಡೆ.

"ವಿಡಿಯೊ ನೋಡಿದೀನಿ ಬಿಡೇ, ಇದೇನು ಬ್ರಹ್ಮವಿದ್ಯೆನಾ?"

ಮಗು ರಚ್ಚೆ ಹಿಡಿದಾಗ ನಟ್ಟು ಹಾಕಿಟ್ಟಿದ್ದ ಡಬ್ಬಿಯನ್ನೇ ಕೈಗೆ ಕೊಟ್ಟರು. ಚಕ್ರ ಕೂರಿಸುವಾಗ ನಾಲ್ಕರಲ್ಲಿ ಎರಡನ್ನು ಮಾತ್ರ ತೆಗೆದುಕೊಂಡರು. "ಇನ್ನೆರಡು ಇರ್ಲಿ, ಸದ್ದು ನಿಂತ್ರೆ ಅಳ್ತಾಳೆ. ಕೊನೇಲಿ ಹಾಕ್ತೀನಿ."

ಸಂಜೆ ನನ್ನ ಅಮ್ಮನನ್ನು ಕರೆತರಲು ಘಟ್ಟದ ಮೇಲಿನ ತವರಿಗೆ ಹೊರಡುವಾಗ ಕೇಳಿದೆ, "ಎಲ್ಲಾ ಬಿಗಿದ್ರಾ?"

"ಬಿಗಿದೆ ಮಹಾತಾಯಿ, ನಿಂದೊಂದು ಅನುಮಾನ!"

ಹತ್ತಕ್ಕೆ 'ತಲುಪಿದೆ' ಎಂದು ಮೆಸೇಜ್ ಬಂತು, ಪುಣ್ಯ. ಆದರೆ ಬೆಳಗಾಗುತ್ತಲೇ ಅಮ್ಮನನ್ನು ಕೂರಿಸಿಕೊಂಡು ಆ ಘಟ್ಟದ ಇಳಿಜಾರಿನಲ್ಲಿ ವಾಪಸು ಬರುತ್ತಾರೆ. ಇವರ ಫೋನ್ ಸ್ವಿಚ್ ಆಫ್. ಅಮ್ಮ ಕಿವಿಯ ಮಿಷನ್ ತೆಗೆದಿಟ್ಟು ಮಲಗುತ್ತಾಳೆ. ಅವಳ ಫೋನಿಗೆ ಎಷ್ಟು ಸಲ ಮಾಡಿದರೂ ರಿಂಗಾಗಿ ನಿಲ್ಲುತ್ತಿದೆ. ಡಬ್ಬಿ ಕೊಡೆಂದು ಮಗಳು ಒಂದೇ ಸಮನೆ ಕಿರುಚುತ್ತಿದ್ದಾಳೆ. ಆ ಡಬ್ಬಿ ಕಂಡರೆ ನನಗೆ ಮೈ ಉರಿಯುತ್ತದೆ.

ಇದು ನಿಮಗೆ ತಲುಪುವುದಿಲ್ಲವೆಂದು ಗೊತ್ತು, ಆದರೂ ಬರೆಯುತ್ತಿದ್ದೇನೆ. ರೀ, ಇವತ್ತೊಂದು ದಿನ ಬೇಗ ಏಳಿ. ಕಾರಿನ ಕೀ ಮುಟ್ಟುವ ಮೊದಲು ಫೋನ್ ಆನ್ ಮಾಡಿ. ಬೈಯುವುದಿಲ್ಲ, ಆಣೆ. ದಮ್ಮಯ್ಯ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡ್ರೀ