ತಂಡದ ಪಟ್ಟಿಯಲ್ಲಿ ಇರ್ಯಾ ಇಲ್ಲ

ವಿಟಾಸಾರಿ,
೧೨ ಆಗಸ್ಟ್ ೧೯೭೪

ಪ್ರೀತಿಯ ಮಗ ತೈಸ್ತೊ,

ಹೇಗಿದ್ದೀಯಪ್ಪ? ಹಡಗುಕಟ್ಟೆಯ ಕೆಲಸದಲ್ಲಿ ಹಿಡಿದುಕೊಂಡ ಬೆನ್ನು ಸಡಿಲವಾಯಿತೇ? ಸ್ವೀಡನ್ನಿನವರ ಮೆತ್ತನೆಯ ಬ್ರೆಡ್ಡು ನಿನ್ನ ಹೊಟ್ಟೆಯ ಯಾವ ಮೂಲೆಗೂ ಸಾಲದು. ರೈ ರೊಟ್ಟಿ ಕಟ್ಟಿ ಕಳಿಸಿದ್ದೇನೆ. ನನಗೆ ರಕ್ತದ ಒತ್ತಡ ಏರಿದೆ. ಡಾಕ್ಟರ ಹತ್ತಿರ ಅದಕ್ಕೆ ಮದ್ದಿಲ್ಲ. ರೋಗ ಇರುವುದು ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ.

ನಿಮ್ಮಪ್ಪ ಜಲ್ಲಿಗುಂಡಿಯಲ್ಲಿ ನಿಮ್ಮಿಬ್ಬರಿಗೂ ಬಂದೂಕು ಕಲಿಸಿದರು. ನೀನು ಬೇಗ ಬೇಸತ್ತೆ, ನಿಮ್ಮಕ್ಕ ಇರ್ಯಾ ಬೇಸರಪಡಲಿಲ್ಲ. ಡೈರಿಯ ಪಾಳಿ ಮುಗಿಸಿ, ಬಂದೂಕನ್ನು ಸೈಕಲ್ಲಿಗೆ ಕಟ್ಟಿಕೊಂಡು, ಹಿಮದಲ್ಲೂ ಹೋಗಿ ಗುರಿಗೆಂದು ಗಾಳಿಗೆ ಎಸೆಯುವ ಮಣ್ಣಿನ ಬಿಲ್ಲೆಗಳನ್ನು ಗುಂಡಿಟ್ಟು ಪುಡಿಮಾಡಿದವಳು ಅವಳು. ದೇಶದ ಹೆಂಗಸರ ಪಂದ್ಯವನ್ನು ಎರಡು ಸಲ ಗೆದ್ದಳು. ಗಂಡಸರಿಗೆ ಬೆಳ್ಳಿ ಬಟ್ಟಲು ಕೊಟ್ಟ ಕ್ಲಬ್ಬು ಇವಳಿಗೆ ಕೊಟ್ಟಿದ್ದೇನು? ಇಸ್ತ್ರಿಪೆಟ್ಟಿಗೆ!

ನಿನ್ನೆ ಭಾನುವಾರ ಜಿಲ್ಲಾ ತಂಡಕ್ಕೆ ಆಯ್ಕೆ ನಡೆಯಿತು. ಗಂಡಸರು ಮಾತ್ರ ಎಂದು ಎಲ್ಲೂ ಬರೆದಿರಲಿಲ್ಲ. ಕೆರೆಯ ಕಡೆಯಿಂದ ಗಾಳಿ ಬೀಸಿ ಬಿಲ್ಲೆಗಳು ಅಡ್ಡಾದಿಡ್ಡಿ ಹಾರುತ್ತಿದ್ದವು. ಘನಂದಾರಿ ಬೇಟೆಗಾರರೆಲ್ಲ ಟೋಪಿ ತೆಗೆದು ತಲೆ ಕೆರೆದುಕೊಂಡರು. ಕೊನೆಯ ಸುತ್ತಿನಲ್ಲಿ ಒಂದೂ ಗುರಿ ತಪ್ಪದವಳು ಇರ್ಯಾ ಒಬ್ಬಳೇ. ಎಲ್ಲರಿಗಿಂತ ಮುಂದೆ ಅವಳೇ. ಪಟ್ಟಿ ಓದಿದಾಗ ಮಾತ್ರ ಅವಳ ಹೆಸರಿಲ್ಲ!

ಕ್ಲಬ್ಬಿನ ಅಧ್ಯಕ್ಷ ಉಂತಮೊ ಹಲ್ಲು ಕಿರಿದ. “ನಿನ್ನ ಗುರಿ ಚೆನ್ನಾಗಿಲ್ಲ ಅಂತ ಯಾರಂದ್ರಮ್ಮ? ಪಂದ್ಯದ ಊರಲ್ಲಿ ತಂಡಕ್ಕೆ ಇರೋದು ಒಂದೇ ಕೋಣೆ, ಹಬೆಸ್ನಾನಕ್ಕೆ ಒಂದೇ ಸೌನಾ. ನೀನೆಲ್ಲಿ ಮಲಗ್ತೀಯ?”

“ನಾನು ಮಲಗೋಕೆ ಬರ್ತೀನಿ ಅಂದೆನಾ?” ಅಂದಳು ಇರ್ಯಾ.

ಎಲ್ಲರೂ ನಕ್ಕರು. ಹಿಂದಿನಿಂದ ಒಬ್ಬ, “ಹೋಗ್ಲಿ ಬಿಡು, ಕಾಫಿ ಬಗ್ಗಿಸು. ನಿನ್ನ ಕೈ ಹೇಗೂ ನಡುಗಲ್ವಲ್ಲ!” ಅಂದ.

ತೈಸ್ತೊ, ಅಲ್ಲೇ ಕಾಫಿ ಮೇಜಿನ ಹತ್ತಿರ ಕುಳಿತಿದ್ದ ನಾನು ಎದ್ದೆ. ನಾನೇ ಕಾಸಿದ್ದ ಕಾಫಿಯನ್ನು ಪಾತ್ರೆಸಮೇತ ಎತ್ತಿ ಹುಲ್ಲಿಗೆ ಸುರಿದೆ. ಯುದ್ಧಕಾಲದಲ್ಲಿ ಕಾಫಿಬೀಜ ಸಿಗದೆ ಬೇರು ಹುರಿದು ಕುಡಿದವಳು ನಾನು, ಒಳ್ಳೆಯ ಕಾಫಿ ಚೆಲ್ಲಿದ್ದು ಅದೇ ಮೊದಲು. “ಅಯ್ಯೋ ಹೆಲ್ವಿಯಮ್ಮ, ಇದೇನಿದು!” ಎಂದು ಉಂತಮೊ ಬಾಯಿ ಬಿಟ್ಟ. “ತಂಡದವರೇ ಕಾಸ್ಕೊಂಡು ಕುಡೀರಿ,” ಅಂದೆ, “ಒಂದೇ ಕೋಣೇಲಿ!”

ಇರ್ಯಾ ಮನೆಗೆ ಬಂದು ಬಂದೂಕು ಒರೆಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದಳು. “ಸಾಕಮ್ಮ, ಇನ್ನು ಸಾಕು” ಅಂದಳು.

ಹಡಗುಕಟ್ಟೆಯ ಏಣಿಯ ಮೇಲೆ ನಿನ್ನ ಕಾಲು ಜಾರದಂತೆ ದೇವರು ಕಾಯಲಿ. ಬೆಚ್ಚಗಿರು.

ನಿನ್ನ ಅಮ್ಮ,
ಹೆಲ್ವಿ

ತಾ.ಕ.: ಮರೆತೆನೆಂದಲ್ಲ, ಬರೆಯಲು ಕೈ ಏಳಲಿಲ್ಲ. ಅವಳ ಜಾಗಕ್ಕೆ ಹಾಕಿರುವ ಹೆಸರು ನಿನ್ನದು. ದೂರದ ಸ್ವೀಡನ್ನಿನಲ್ಲಿದ್ದು ಆಯ್ಕೆಯಲ್ಲಿ ಒಂದು ಗುಂಡನ್ನೂ ಹಾರಿಸದ ನಿನ್ನದು! ಇವತ್ತೋ ನಾಳೆಯೋ ಉಂತಮೊ ಫೋನ್ ಮಾಡಿ ಹೊಗಳುತ್ತಾನೆ. ಬಂದೂಕು ಕಲಿಯಲು ಬೇಸತ್ತರೂ ತಂಡದವರು ತೊಡುವ ಆ ಕೋಟಿನ ಮೇಲೆ ನಿನಗೆಷ್ಟು ಆಸೆಯೆಂದು ಹೆತ್ತ ನನಗೆ ಗೊತ್ತು. ನಿನಗಿದನ್ನು ಬರೆಯಬಾರದೆಂದು ಇರ್ಯಾ ಆಣೆ ಹಾಕಿಸಿದ್ದಾಳೆ. “ಹೋಗ್ಲಿ ಬಿಡಮ್ಮ, ಅವನಿಗಾದ್ರೂ ಸಿಗ್ಲಿ” ಅಂದಳು. ಹಾಗೆ ಹೇಳುವ ಅಕ್ಕನ ಜಾಗದಲ್ಲಿ ನೀನು ಹೋಗಿ ನಿಲ್ಲುತ್ತೀಯೇನೋ, ಮಗನೇ?