ಕುದಿಸಿದರೆ ಸಾಯುವ ನೀಲಿ

ಕೆಂಚಾರ್ಲಹಳ್ಳಿ
೧೮-೪-೧೯೯೩

ಮಾತೃಸಮಾನರಾದ ರತ್ನಕ್ಕನವರಿಗೆ,

ನಿನ್ನ ತಮ್ಮ ಚೆನ್ನರಾಯಪ್ಪ ಮಾಡುವ ಅರ್ಧ ಸಾಷ್ಟಾಂಗ ನಮಸ್ಕಾರ. ತೊಟ್ಟಿ ಕಲಕಿ ಕಲಕಿ ನಡು ಹಿಡಿದಿದೆ, ಪೂರ್ತಿ ಬಗ್ಗಲು ಆಗುವುದಿಲ್ಲ. ಇಷ್ಟು ದಿನ ಕಾಗದ ಬರೆಯದ್ದಕ್ಕೂ ಅದೇ ಕಾರಣವೆಂದು ದಯವಿಟ್ಟು ನಂಬತಕ್ಕದ್ದು. ಗೌರಿಬಿದನೂರಿನಲ್ಲಿ ಭಾವ, ಪಾಪು ಹೇಗಿದ್ದಾರೆ? ಇಲ್ಲಿ ಅಪ್ಪ, ಅಮ್ಮ, ಎಮ್ಮೆ, ಪಾಚಿ ಎಲ್ಲರೂ ಚೆನ್ನಾಗಿದ್ದಾರೆ.

ಹೌದು ಕಣಕ್ಕ, ಪಾಚಿ! ಕಾಲೇಜು ಬಿಟ್ಟು ಮದುವೆಯಾಗಿ ಹೋಗುವಾಗ ಹಾರ್ಲಿಕ್ಸ್ ಬಾಟಲಿಯಲ್ಲಿ ಹಸಿರು ನೀರು ಕೊಟ್ಟು, "ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇದು, ಸಾಯಿಸಬೇಡ ಚೆನ್ನ" ಅಂದಿದ್ದೆಯಲ್ಲ, ಅದೀಗ ಹಿತ್ತಿಲ ಸಿಮೆಂಟ್ ತೊಟ್ಟಿ ತುಂಬಿದೆ. ನೀನು ಹೇಳಿಕೊಟ್ಟ ಹಾಗೇ ಅಡುಗೆ ಸೋಡಾ, ಉಪ್ಪು, ಚೂರು ಯೂರಿಯಾ ಹಾಕಿ ಸಾಕಿದೆ. ಬಟ್ಟೆಯಲ್ಲಿ ಸೋಸಿ, ಅಮ್ಮನ ಶಾವಿಗೆ ಒರಳಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ ಪುಡಿ ಮಾಡಿದೆ. ಒರಳಿನ ವಿಚಾರ ಅಮ್ಮನಿಗೆ ತಡವಾಗಿ ಗೊತ್ತಾಯಿತು. ವಿವರ ಬೇಡ, ಪೊರಕೆ ಹೊಸದಾಗಿತ್ತು ಅಂದರೆ ಸಾಕು.

ಆ ಹಸಿರು ಪುಡಿಯನ್ನು ತಣ್ಣೀರಲ್ಲಿ ನೆನೆಸಿ ಸೋಸಿದರೆ, ಅಕ್ಕ, ನೀಲಿ! ನವಿಲಿನ ಕತ್ತಿನ ನೀಲಿ.

ಅಪ್ಪ ನಂಬಲಿಲ್ಲ. ಹೋದ ವರ್ಷ ಬಿಳಿ ಎತ್ತಿಗೆ ಬಟ್ಟೆ ನೀಲಿ ಬಳಿದು, ಕೈಲಾಸದ ತಳಿ ಅಂತ ಊರೆಲ್ಲ ಮೆರೆಸಿದ ಮಹಾಪುರುಷನನ್ನು ಯಾರು ನಂಬುತ್ತಾರೆ?

"ಏಮಿರಾ, ಮತ್ತೆ ಬಟ್ಟೆ ನೀಲಿನಾ? ಗೌಸ್ ಪೀರ್ ಸಾಬ್ರು ಬಂದು ನೋಡ್ಲಿ. ಅವರು ಒಪ್ಪಿದ್ರೆ ತೊಟ್ಟಿ ನಿಂದು. ಇಲ್ದಿದ್ರೆ ಅವತ್ತೇ ಬರಿದು ಮಾಡಿ ಎಮ್ಮೆಗೆ ನೀರು ತುಂಬಿಸ್ತೀನಿ."

ಚಿಂತಾಮಣಿಯ ಐಸ್ ಕ್ಯಾಂಡಿ ಗೌಸ್ ಪೀರ್ ನಿನಗೆ ಗೊತ್ತಲ್ಲ. ಅಂಗಡಿ ಬಣ್ಣಕ್ಕೆ ಮಕ್ಕಳ ತಾಯಂದಿರಿಂದ ಬೈಸಿಕೊಂಡು ಸಾಕಾಗಿ, ಒಳ್ಳೆಯ ಬಣ್ಣ ಹುಡುಕುತ್ತಿದ್ದರು. ಮೊನ್ನೆ ಬಂದರು. ಎರಡು ಚೊಂಬು ನೀಲಿಯನ್ನು ತೀರ್ಥದ ಹಾಗೆ ಮುಂದಿಟ್ಟೆ.

ಅಷ್ಟರಲ್ಲಿ ಅಮ್ಮ, "ಮನೆಗೆ ಬಂದೋರಿಗೆ ಹಸಿ ನೀರು ಕುಡಿಸ್ತೀಯೇನೋ?" ಅಂತ ಒಂದು ಚೊಂಬು ಎತ್ತಿಕೊಂಡು ಹೋಗಿ ಒಲೆ ಮೇಲಿಟ್ಟು ಕುದಿಸಿಬಿಟ್ಟಳು! ತಿರುಗಿ ತಂದಾಗ ನೀಲಿ ಮಾಯ. ಅಕ್ಕಿ ತೊಳೆದ ನೀರು.

ಅಪ್ಪ ಬಕೆಟ್ ಹಿಡಿದು ತೊಟ್ಟಿ ಕಡೆ ಹೊರಟರು. ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ ಕಣಕ್ಕ.

"ತಡೀರಿ ಸ್ವಾಮಿ," ಅಂದರು ಗೌಸ್ ಪೀರ್. "ಅಮ್ಮಾ, ಬಟ್ಟೆ ನೀಲಿನೂ ಒಂದ್ ಲೋಟ ಕುದಿಸಿ."

ಅದು ಕೊತಕೊತ ಕುದಿಯಿತು. ನೀಲಿ ನೀಲಿಯಾಗೇ ಉಳಿಯಿತು.

"ನೋಡಿದ್ರಾ ವೆಂಕಟರಾಮಪ್ಪನೋರೆ? ಅಂಗಡಿ ನೀಲಿ ಕುದಿಸಿದ್ರೂ ಸಾಯಲ್ಲ. ಇವನದು ಸತ್ತೋಯ್ತು. ಹುಡುಗ ಈ ಸಲ ಸುಳ್ಳು ಹೇಳಿಲ್ಲ."

"ಕುದಿಸಿದ್ರೆ ಹೋಗೋ ಬಣ್ಣ ಯಾತಕ್ಕೆ ಬರುತ್ತೆ ಸಾಬ್ರೆ?"

"ನಂದು ಐಸ್ ವ್ಯಾಪಾರ ಸ್ವಾಮಿ. ಅದ್ರಲ್ಲಿ ಒಲೆ ಎಲ್ಲಿ ಬಂತು?"

ಉಳಿದ ಚೊಂಬು ಅವರ ಜೊತೆ ಹೋಯಿತು. ನಿನ್ನೆ ಡಬ್ಬದ ತುಂಬ ನೀಲಿ ಕ್ಯಾಂಡಿ ತಂದರು. ಪಾಚಿ ವಾಸನೆಗೆ ಏಲಕ್ಕಿ ಹಾಕಿದ್ದರು. ಅಪ್ಪ "ಪರವಾಗಿಲ್ಲ" ಅನ್ನುತ್ತಲೇ ಮೂರು ಮುಗಿಸಿ, ಹಾಲಿನ ಡೈರಿ ಮುಂದೆ ನಿಂತು ಊರಿಗೆಲ್ಲ ನಾಲಿಗೆ ಚಾಚಿ ತೋರಿಸಿದರು: "ನಮ್ ತೊಟ್ಟೀದು!" ಇನ್ನು ಗೌಸ್ ಪೀರ್ ಅಂಗಡಿಗೆ ನಮ್ಮದೇ ನೀಲಿ. ಇನ್ನೊಂದು ತೊಟ್ಟಿಗೆ ಅಪ್ಪನೇ ಇಟ್ಟಿಗೆ ಇಳಿಸಿದ್ದಾರೆ.

ನಿಮ್ಮ ಮೂವರಿಗೂ ಅಮ್ಮನ ಆಶೀರ್ವಾದ. ನನ್ನ ಪಾಲಿನದು ಹೊಸ ಶಾವಿಗೆ ಒರಳು ಬಂದ ಮೇಲಂತೆ.

ಇಂತು ಪಾಚಿ ಸಂಸ್ಥಾನದ ಅಧಿಪತಿ,
ನಿನ್ನ ತಮ್ಮ ಚೆನ್ನ

ತಾ.ಕ.: ಡೈರಿ ಮುಂದೆ ಅಪ್ಪ "ಎಲ್ಲಾ ನನ್ ಮಗನ ತಲೆ" ಅಂದರು. "ಅಲ್ಲಪ್ಪ, ರತ್ನಕ್ಕಂದು. ನೀನು ಓದು ಬಿಡಿಸದೆ ಇದ್ದಿದ್ರೆ ಅವಳೇ ಮಾಡಿರೋಳು" ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವನದು ಯಾವಾಗ್ಲೂ ತಮಾಷೆನೇ" ಅಂತ ಅಪ್ಪನೂ ನಕ್ಕರು. ಮತ್ತೆ ಹೇಳಿದೆ, ಇನ್ನೂ ಜೋರಾಗಿ ನಕ್ಕರು. ಬಣ್ಣವನ್ನಾದರೆ ಕುದಿಸಿ ತೋರಿಸಬಹುದಿತ್ತು. ಇದನ್ನು ಹೇಗೆ ತೋರಿಸಲಕ್ಕ? ನೀನೇ ಬಾ.